ಮೂರು ಬೆರಳಿನ ಗವಸಿನ ಮನೆತನ

ಆ ಮನೆಯ ಮುತ್ತಜ್ಜ ಎರಕದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ ಕಾದ ಕಬ್ಬಿಣ ತುಂಬಿದ ಕೊಪ್ಪರಿಗೆ ವಾಲಿತಂತೆ. ಕೆಳಗೆ ಕಾರ್ಖಾನೆಯ ಯಜಮಾನ ನಿಂತಿದ್ದನಂತೆ. ಮುತ್ತಜ್ಜ ಹಿಂದೆಮುಂದೆ ನೋಡದೆ ಬರಿಗೈಯಲ್ಲೇ ಕೊಪ್ಪರಿಗೆಯನ್ನು ತಡೆದು ನಿಲ್ಲಿಸಿದನಂತೆ. ಯಜಮಾನ ಬದುಕಿಕೊಂಡ. ಮುತ್ತಜ್ಜನ ನಡುಬೆರಳೂ ಉಂಗುರದ ಬೆರಳೂ ಬೆಂದು ಒಂದಕ್ಕೊಂದು ಬೆಸೆದುಕೊಂಡವು. ಎರಡೂ ಕೈಯಲ್ಲಿ ಅವೇ ಎರಡು ಬೆರಳು. ಹೆಬ್ಬೆರಳು, ತೋರುಬೆರಳು, ಕಿರುಬೆರಳುಗಳಿಗೆ ಮರ್ಯಾದೆ ಕೊಟ್ಟು ಬೆಂಕಿ ಪಕ್ಕಕ್ಕೆ ಸರಿದು ಹೋಯಿತು.

ಅಜ್ಜನ ಕಾಲದಲ್ಲಿ ತೊಗಲಿನ ಗೋದಾಮಿಗೆ ಬೆಂಕಿ ಬಿತ್ತು. ಅಜ್ಜ ಒಳಗೆ ನುಗ್ಗಿ, ಮಲಗಿದ್ದ ಕಾವಲುಗಾರನನ್ನು ಹೆಗಲ ಮೇಲೆ ಹೊತ್ತು ಹೊರಗೆ ತಂದ. ಅಜ್ಜನ ಮೀಸೆ ಸುಡಲಿಲ್ಲ, ಅಂಗಿ ಸುಡಲಿಲ್ಲ, ಕಾವಲುಗಾರನ ತಲೆಯ ಮೇಲಿದ್ದ ಉಣ್ಣೆಯ ಟೋಪಿಯೂ ಸುಡಲಿಲ್ಲ. ಸುಟ್ಟು ಅಂಟಿಕೊಂಡದ್ದು ನಡುಬೆರಳು ಮತ್ತು ಉಂಗುರದ ಬೆರಳು.

ಮೂರನೆಯವನು ಈಗಲೂ ಇದ್ದಾನೆ. ಹುಡುಗನಾಗಿದ್ದಾಗ ತೊಗಲು ಒತ್ತುವ ಯಂತ್ರದ ಬಾಯಿಗೆ ಸಿಕ್ಕಿದ್ದ ಜೊತೆಗಾರನೊಬ್ಬನನ್ನು ಎಳೆದು ಉಳಿಸಲು ಹೋಗಿ ಕೈ ಜಜ್ಜಿಸಿಕೊಂಡವನು. ಆಸ್ಪತ್ರೆಯಲ್ಲಿ ಡಾಕ್ಟರು ಗಡಿಬಿಡಿಯಲ್ಲಿ ಅವೇ ಎರಡು ಬೆರಳನ್ನು ಸೇರಿಸಿ ಹೊಲಿದುಬಿಟ್ಟರಂತೆ. ಯಂತ್ರಕ್ಕೆ ಸಿಕ್ಕಿದ್ದು ಒಂದೇ ಕೈಯಲ್ಲವೇ ಎಂದು ಕೇಳುವಷ್ಟು ಒರಟರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಇನ್ನೊಂದು ಕೈಯನ್ನೂ ಜೋಡಿಗೆ ಸರಿಹೊಂದಲಿ ಎಂದು ಹೊಲಿದಿರಬೇಕು ಅಂದುಕೊಂಡು ಸುಮ್ಮನಿದ್ದೆವು.

ಆ ಮನೆಯವರ ಕಸುಬು ಕೈಗವಸು. ಬೀದಿಯ ಹೆಂಗಸರು ಚಳಿಗೆ ಹಾಕಿಕೊಳ್ಳುವ ನಾಜೂಕಿನ ಗವಸಲ್ಲ. ಎರಕದವರು, ಬೆಸುಗೆಯವರು, ಕುಲುಮೆಯವರು ಹಾಕುವ ದಪ್ಪ ತೊಗಲಿನ ಗವಸು. ಮುತ್ತಜ್ಜ ಕಂಡುಹಿಡಿದ ಮಾದರಿ ಅದು: ಹೆಬ್ಬೆರಳಿಗೆ ಒಂದು ಮನೆ, ತೋರುಬೆರಳಿಗೆ ಒಂದು ಮನೆ, ಮಿಕ್ಕ ಮೂರಕ್ಕೂ ಸೇರಿ ಒಂದು ದೊಡ್ಡ ಮನೆ. ಇಕ್ಕಳ ಹಿಡಿಯಲು ಹೇಳಿ ಮಾಡಿಸಿದ ಹಾಗಿತ್ತು, ಕಾರ್ಖಾನೆಗಳವರು ಮುಗಿಬಿದ್ದು ಕೊಂಡರು. ಮುತ್ತಜ್ಜನಿಗೆ ಇಂಥ ಮಾದರಿ ಹೇಗೆ ಹೊಳೆಯಿತು ಎಂದು ಯಾರಾದರೂ ಕೇಳಿದರೆ, “ತಲೆ ಇತ್ತು, ಹೊಳೀತು” ಎಂದು ಮನೆಯವರು ಎದೆಯುಬ್ಬಿಸುತ್ತಿದ್ದರು.

ಆ ಮನೆಯ ಗಂಡಸರು ಬೇಸಿಗೆಯಲ್ಲೂ ಗವಸು ತೆಗೆಯುತ್ತಿರಲಿಲ್ಲ. ಮದುವೆಯಲ್ಲಿ ಗವಸು, ಸಾವಿನಲ್ಲಿ ಗವಸು, ಚಮಚದಲ್ಲಿ ಊಟ ಮಾಡುವಾಗಲೂ ಗವಸು. ಕಸುಬಿನ ಗೌರವ ಎಂದು ಅವರು ಅದಕ್ಕೆ ಹೆಸರಿಟ್ಟಿದ್ದರು. ಗಂಡು ಮಗು ಹುಟ್ಟಿದರೆ ತೊಟ್ಟಿಲಲ್ಲೇ ಅದಕ್ಕೊಂದು ಪುಟ್ಟ ಜೋಡಿ ಹೊಲಿದು ಹಾಕುತ್ತಿದ್ದರು. ಆ ಮೂರನೆಯವನ ಮಗ ಮಾತ್ರ ಗವಸಿಲ್ಲದೆ ಓಡಾಡುತ್ತಿದ್ದ. ಅವನ ಹತ್ತೂ ಬೆರಳು ನೆಟ್ಟಗಿದ್ದವು. ಇವನು ಇನ್ನೂ ಯಾರ ಪ್ರಾಣವನ್ನೂ ಉಳಿಸಿಲ್ಲ, ಅದಕ್ಕೇ ಕೈ ಸರಿಯಾಗಿದೆ ಎಂದು ಸೈಕಲ್ ರಿಪೇರಿಯವನು ನಗುತ್ತಿದ್ದ. ಇವನನ್ನು ಬೀದಿಯಲ್ಲಿ ಎಲ್ಲರೂ ಕರೆಯುತ್ತಿದ್ದುದು ‘ಹೂಂ’ ಎಂದು. ಯಾರು ಏನು ಹೇಳಿದರೂ ಅವನ ಬಾಯಿಂದ ಬರುತ್ತಿದ್ದ ಮಾತು ಅದೊಂದೇ.

ನಾನು ಹೇಳಹೊರಟಿರುವುದು ಈ ಹೂಂ ಕಟ್ಟಿಕೊಂಡ ಹೆಂಡತಿಯ ಬಗ್ಗೆ. ಅವಳ ಕಡೆಯ ಹಿರಿಯರ ಸಾಹಸ ಹೇಳಿ ಮುಗಿಸಲು ಹೆಚ್ಚು ಹೊತ್ತು ಬೇಡ. ಅಪ್ಪ ರೈಲಿನ ಗಾಲಿಗಳಿಗೆ ಎಣ್ಣೆ ಬಿಡುತ್ತಿದ್ದ. ರಜೆ ಸಿಕ್ಕರೆ ಮಲಗುತ್ತಿದ್ದ. ಅಮ್ಮ ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುತ್ತಿದ್ದಳು. ಇಬ್ಬರೂ ಯಾರನ್ನೂ ಬೆಂಕಿಯಿಂದ ಎತ್ತಿ ತಂದವರಲ್ಲ. ಮಗಳು ಹದಿಹರೆಯದಲ್ಲೇ ಆ ಗವಸಿನ ಕಾರ್ಯಾಗಾರಕ್ಕೆ ಕೆಲಸಕ್ಕೆ ಸೇರಿದಳು. ಉದ್ದನೆಯ ಮೇಜು, ಗೋಡೆಯ ಮೊಳೆಗಳಿಗೆ ತೂಗುಹಾಕಿದ ಮರದ ಅಚ್ಚುಗಳು, ಅಂಟಿನ ವಾಸನೆ, ಕಿಟಕಿಯ ಪಕ್ಕ ಎರಡು ಹೊಲಿಗೆ ಮೆಷಿನ್ನು. ಮಿಕ್ಕವರು ಅಚ್ಚು ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆಮೇಲೆ ಕತ್ತರಿಸುತ್ತಿದ್ದರು. ಇವಳು ತೊಗಲನ್ನು ಒಮ್ಮೆ ಅಂಗೈಯಲ್ಲಿ ಸವರಿ, ಎಲ್ಲಿ ದಪ್ಪ ಎಲ್ಲಿ ತೆಳು ಎಂದು ನೋಡಿಕೊಂಡು ಸೀದಾ ಕತ್ತರಿ ಇಡುತ್ತಿದ್ದಳು. ಚೂರು ತೊಗಲು ಪೋಲಾಗುತ್ತಿರಲಿಲ್ಲ. ಕತ್ತರಿಯಮ್ಮ ಎಂಬ ಹೆಸರು ಹೀಗೆ ಬಂತು. ಇಂಥವಳು ಬೇರೆ ಅಂಗಡಿಗೆ ಹೋದರೆ ನಷ್ಟ ಎಂದು ಯೋಚಿಸಿ ಆ ಮನೆಯೊಡತಿ ಅವಳನ್ನು ಸೊಸೆ ಮಾಡಿಕೊಂಡಳು. ಮಗನನ್ನು ಕೇಳಿದಳು. ಅವನು ಹೂಂ ಅಂದ.

ಕತ್ತರಿಯಮ್ಮ ಬಸುರಿಯಾದಳು. ಆ ವರ್ಷ ಹಡಗು ಕಟ್ಟುವವರಿಂದ ದೊಡ್ಡ ಆರ್ಡರು ಬಂದಿತ್ತು. ಕೊನೆಯ ತಿಂಗಳವರೆಗೂ ಹೊಟ್ಟೆಯನ್ನು ಮೇಜಿಗೆ ತಾಗಿಸಿಕೊಂಡೇ ನಿಂತು ಕತ್ತರಿಸಿದಳು. ಹೆಣ್ಣು ಮಗು ಹುಟ್ಟಿತು. ನರ್ಸು ಬಟ್ಟೆ ಬಿಚ್ಚಿ ತೋರಿಸಿದಾಗ ಎಲ್ಲರೂ ಕಂಡರು: ಎರಡು ಕೈಯಲ್ಲೂ ನಡುಬೆರಳು, ಉಂಗುರದ ಬೆರಳು ಅಗಲವಾಗಿ ಒಂದೇ ಆಗಿ ಕೂಡಿಕೊಂಡಿದ್ದವು, ಒಂದೇ ಹೊದಿಕೆಯೊಳಗೆ ಮಲಗಿದ ಅವಳಿಗಳ ಹಾಗೆ.

“ನೋಡು,” ಅಂದಳು ಅತ್ತೆ. “ಬೇಡ ಬೇಡ ಅಂದ್ರೂ ಕತ್ತರಿ ಬಿಡ್ಲಿಲ್ಲ ನೀನು. ಹೊಟ್ಟೇಲಿ ಮಗೂಗೆ ಬೆರಳು ಬಿಡಿಸೋ ಹೊತ್ತಲ್ಲಿ ನೀನು ತೊಗಲು ಬಿಡಿಸ್ತಾ ನಿಂತಿದ್ದೆ.”

“ಆರ್ಡರ್ ಮುಗಿಸು ಅಂತ ನೀವೇ ಹೇಳಿದ್ದಲ್ವಾ ಅತ್ತೆ?”

“ಆರ್ಡರ್ ಮುಗಿಸು ಅಂದೆ. ಮಗೂನ ಕೆಡಿಸು ಅಂದ್ನಾ?”

“ನಾನೇನು ಬೇಕಂತ...”

“ನಮ್ಮ ಮನೇಲಿ ಇಂಥದ್ದು ಯಾವತ್ತೂ ಆಗಿಲ್ಲ. ನನ್ನ ಮಗನ ಕೈ ನೋಡು, ಎಷ್ಟು ಚೆನ್ನಾಗಿದೆ. ಅಲ್ವೇನೋ?”

“ಹೂಂ,” ಅಂದ ಮಗ.

ಮಾವ ಬಾಗಿಲಲ್ಲಿ ನಿಂತಿದ್ದ. ಮಗುವಿನ ಕೈಯನ್ನು ನೋಡಿದ. ಸೊಸೆಯ ಮುಖವನ್ನು ನೋಡಿದ. ಗವಸು ಹಾಕಿದ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿ, ಒಮ್ಮೆ ಕೆಮ್ಮಿ, ಹೊರಗೆ ಹೋದ. ಯಜಮಾನರನ್ನು, ಕಾವಲುಗಾರರನ್ನು, ಜೊತೆಗಾರರನ್ನು ಉಳಿಸಿದ ವೀರರ ಮನೆಯ ಗಂಡಸು ಅವತ್ತು ಮಂಚದ ಮೇಲಿದ್ದ ಒಬ್ಬ ಬಾಣಂತಿಯನ್ನು ಉಳಿಸಲು ತುಟಿ ಎರಡು ಮಾಡಲಿಲ್ಲ.

ಅಲ್ಲಿಂದ ಕತ್ತರಿಯಮ್ಮನಿಗೆ ಕತ್ತರಿ ಮುಟ್ಟುವ ಹಾಗಿಲ್ಲ ಎಂದಾಯಿತು. ಮೇಜಿನ ಹತ್ತಿರ ಬಂದರೆ ಅತ್ತೆಗೆ ಮೈಯೆಲ್ಲ ಉರಿ. ಹಿಂದಿನ ಕೋಣೆಯಲ್ಲಿ ಕೂತು ಗವಸಿನ ಒಳಗಿನ ಅಸ್ತರು ಬಟ್ಟೆ ಮಡಚುವ ಕೆಲಸ ಕೊಟ್ಟರು. ಮಗುವಿಗೆ ಎರಡು ಉಣ್ಣೆಯ ಚೀಲ ಹೊಲಿದು ಕೈಗೆ ಕಟ್ಟಿದರು. ನೋಡಲು ಬಂದವರಿಗೆ, “ಮಗೂಗೆ ಚಳಿ ಜಾಸ್ತಿ” ಎಂದು ಹೇಳಿದರು. ಬಿರುಬೇಸಿಗೆಯಲ್ಲೂ ಆ ಮಗುವಿಗೆ ಚಳಿ ಇಳಿಯಲೇ ಇಲ್ಲ.

ಅತ್ತೆಯ ಮಾತು ಕತ್ತರಿಯಮ್ಮನಿಗೆ ಅಷ್ಟು ನೋವು ಕೊಡುತ್ತಿರಲಿಲ್ಲ. ಅತ್ತೆಯ ಬಾಯಿ ಎಂಥದ್ದೆಂದು ಅವಳಿಗೆ ಮದುವೆಗೆ ಮೊದಲೇ ಗೊತ್ತಿತ್ತು. ನೋವು ಬೇರೆ. ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು, ನನ್ನ ಹೆಂಡತಿಯ ಪಕ್ಕ ಕೂತು, ಮಗುವಿನ ಕೈಗೆ ಕಟ್ಟಿದ್ದ ಚೀಲ ಬಿಚ್ಚಿ ಆ ಬೆರಳುಗಳನ್ನು ಸವರುತ್ತ ಕೇಳಿದಳು:

“ಅಕ್ಕಾ, ನಂಗೆ ನಿಜ ಹೇಳಿ. ಒಂದಿನ ದೊಡ್ಡ ಕತ್ತರಿ ಕೈ ಜಾರಿ ಹೊಟ್ಟೆಗೆ ತಾಗಿತ್ತು. ಗಾಯ ಏನೂ ಆಗ್ಲಿಲ್ಲ. ಅದ್ರಿಂದಾನೇ ಹಿಂಗಾಯ್ತಾ?”

“ಹುಚ್ಚಿ, ಅದು ಹೇಗೆ ಆಗುತ್ತೆ?”

“ನಿಮಗೆ ಗೊತ್ತಾ? ಖಂಡಿತ ಗೊತ್ತಾ?”

ನನ್ನ ಹೆಂಡತಿಗೆ ಖಂಡಿತ ಗೊತ್ತಿರಲಿಲ್ಲ. ಆದ್ದರಿಂದ ಟೀ ಮಾಡಲು ಎದ್ದು ಹೋದಳು. ಕತ್ತರಿಯಮ್ಮ ಅಲ್ಲೇ ಕೂತಿದ್ದಳು. ಮಗಳಿಗೆ ಈ ಕೈ ತಾನೇ ಮಾಡಿಟ್ಟೆನೇ ಎಂಬ ಒಂದೇ ಪ್ರಶ್ನೆ ಅವಳನ್ನು ಒಳಗಿಂದ ಕೊರೆಯುತ್ತಿತ್ತು. ಆಮೇಲೆ ಒಂದು ದಿನವೂ ಅವಳು ಆ ಗವಸಿನ ಮನೆಯಲ್ಲಿ ಹೊಟ್ಟೆತುಂಬ ಉಂಡದ್ದನ್ನು ನಾನು ಕಾಣೆ.

ಉತ್ತರ ಹುಡುಕಿಕೊಟ್ಟವಳು ಅತ್ತೆಯೇ ಎಂಬುದು ಈ ಕತೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ. ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ನರ್ಸು ಕೈ ನೋಡಿ, ದೊಡ್ಡಾಸ್ಪತ್ರೆಯಲ್ಲಿ ಇಂಥದ್ದಕ್ಕೇ ಒಬ್ಬ ಡಾಕ್ಟರಮ್ಮ ಇದ್ದಾರೆ, ರಕ್ತ ಪರೀಕ್ಷೆ ಮಾಡಿ ಯಾರ ಕಡೆಯಿಂದ ಬಂತು ಎಂದು ಹೇಳುತ್ತಾರೆ ಅಂದಳು. ಅತ್ತೆಗೆ ಹಬ್ಬ ಬಂದಷ್ಟು ಖುಷಿ.

“ಆಗ್ಲಿ, ಎಲ್ಲಾರೂ ಹೋಗೋಣ. ಯಾರ ರಕ್ತದಲ್ಲಿ ಏನಿದೆ ಅಂತ ಒಂದ್ಸಲ ಗೊತ್ತಾಗಿಬಿಡ್ಲಿ.”

“ನಾನ್ಯಾಕೆ?” ಅಂದ ಮಾವ. “ಕೆಲಸ ಇದೆ.”

“ರೀ, ನೀವು ಬರ್ಲೇಬೇಕು. ವೀರರ ರಕ್ತ ಹೇಗಿರುತ್ತೆ ಅಂತ ಆ ಡಾಕ್ಟರೂ ನೋಡ್ಲಿ.”

“ನಂಗೆ ಸೂಜಿ ಅಂದ್ರೆ ಆಗಲ್ಲ ಕಣೇ.”

“ಯಂತ್ರದ ಬಾಯಿಗೆ ಕೈ ಕೊಟ್ಟೋರು ಸೂಜಿಗೆ ಹೆದರ್ತಾರಾ? ನಡೀರಿ ಸುಮ್ನೆ.”

ಡಾಕ್ಟರಮ್ಮನಿಗೆ ಅವತ್ತು ವಿಪರೀತ ನೆಗಡಿ. ಮೂಗು ಒರೆಸಿಕೊಳ್ಳುತ್ತಲೇ ಮಗುವಿನ ಕೈ ನೋಡಿದಳು, ತಾಯಿಯ ಕೈ ನೋಡಿದಳು, ತಂದೆಯ ಕೈ ನೋಡಿದಳು. ಆಮೇಲೆ ತಂದೆಗೆ ಬೂಟು, ಕಾಲುಚೀಲ ತೆಗೆಯಿರಿ ಅಂದಳು. ಹೂಂ ತೆಗೆದ. ಎರಡು ಕಾಲಲ್ಲೂ ಕಿರುಬೆರಳು ಪಕ್ಕದ ಬೆರಳಿಗೆ ತುದಿಯವರೆಗೂ ಅಂಟಿಕೊಂಡಿತ್ತು. ಮದುವೆಯಾದ ಹೆಂಡತಿಗೇ ಅದು ಗೊತ್ತಿರಲಿಲ್ಲ. ಆ ಮನೆಯಲ್ಲಿ ಕಾಲುಚೀಲ ಹಾಕಿಕೊಂಡೇ ಮಲಗುವ ಪದ್ಧತಿ.

“ಇದು ಹುಟ್ಟಿದಾಗಿಂದ ಇದೆಯಾ?” ಡಾಕ್ಟರಮ್ಮ ಕೇಳಿದಳು.

“ಅಯ್ಯೋ, ಅದಾ?” ಅತ್ತೆ ಮುಂದೆ ಬಂದಳು. “ಚಿಕ್ಕೋನಿದ್ದಾಗ ಬಿಗಿ ಬೂಟು ಹಾಕಿ ಹಾಕಿ ಅಂಟ್ಕೊಂಡಿದ್ದು.”

“ಯಾವ ವಯಸ್ಸಲ್ಲಿ ಬೂಟು ಹಾಕಿದ್ರಿ?”

“ನಡೆಯೋಕೆ ಶುರು ಮಾಡ್ದಾಗ.”

“ಅದಕ್ಕೆ ಮೊದ್ಲು ಬೆರಳು ಬಿಡಿಬಿಡಿಯಾಗಿ ಇತ್ತಾ?”

ಅತ್ತೆ ಮೊದಲ ಸಲ ಸ್ವಲ್ಪ ಯೋಚಿಸಿದಳು. “ಅಷ್ಟೆಲ್ಲಾ ಯಾರು ನೋಡ್ತಾರೆ?”

ಮಾವನ ಸರದಿ ಬಂತು. ಗವಸು ಬಿಚ್ಚಿಸಿ ಎಕ್ಸ್‌ರೇ ತೆಗೆದರು. ಅವನು ತಗ್ಗಿದ ದನಿಯಲ್ಲಿ ಯಂತ್ರದ ಕತೆ ಶುರು ಮಾಡಿದ. ಮಧ್ಯೆ ನಿಂತುಹೋದಾಗ ಅತ್ತೆಯೇ ಮುಗಿಸಿದಳು, ಜೊತೆಗಾರ ಕಾಲಿಗೆ ಬಿದ್ದು ಅತ್ತದ್ದನ್ನೂ ಸೇರಿಸಿ. ಡಾಕ್ಟರಮ್ಮ ಒಮ್ಮೆ ಗಟ್ಟಿಯಾಗಿ ಸೀನಿ, ಎಲ್ಲರ ರಕ್ತ ತೆಗೆಸಿ, ಕೆಲವು ವಾರ ಬಿಟ್ಟು ಬನ್ನಿ ಅಂದಳು.

ಆ ವಾರಗಳಲ್ಲಿ ಅತ್ತೆ ಬೀದಿಯಲ್ಲಿ ಡಂಗುರ ಹೊಡೆದಂತೆ ಹೇಳುತ್ತ ತಿರುಗಿದಳು. ಸೊಸೆಯ ಮೇಲೆ ಗೂಬೆ ಕೂರಿಸುವ ಕೆಲಸಕ್ಕೆ ಈಗ ಆಸ್ಪತ್ರೆಯ ಮೊಹರೂ ಬೀಳುತ್ತದೆ ಎಂಬ ಹಿಗ್ಗು. ಕತ್ತರಿಯಮ್ಮ ಮಾತ್ರ ದಿನದಿನಕ್ಕೆ ಬಡವಾದಳು. ನನ್ನಿಂದಲೇ ಎಂದು ಹೇಳಿಬಿಟ್ಟರೆ ಮಗಳ ಮುಖ ಹೇಗೆ ನೋಡಲಿ ಎಂದು ನನ್ನ ಹೆಂಡತಿಯ ಮುಂದೆ ಒಮ್ಮೆ ಅಂದಳಂತೆ.

ಎರಡನೆಯ ಸಲ ಹೋದಾಗ ಡಾಕ್ಟರಮ್ಮನ ನೆಗಡಿ ಬಿಟ್ಟಿತ್ತು. ಗೋಡೆಯ ದೀಪದ ಪೆಟ್ಟಿಗೆಗೆ ಎರಡು ಎಕ್ಸ್‌ರೇ ಸಿಕ್ಕಿಸಿದಳು, ಒಂದು ಪುಟ್ಟದು, ಒಂದು ದೊಡ್ಡದು.

“ಇದು ಮಗೂದು, ಇದು ಅಜ್ಜಂದು. ಇಲ್ಲಿ ನೋಡಿ. ಕೂಡಿಕೊಂಡ ಎರಡು ಬೆರಳಿನ ಮಧ್ಯೆ ಇನ್ನೊಂದು ಸಣ್ಣ ಮೂಳೆ ಇದೆ. ಇಬ್ಬರಲ್ಲೂ, ಒಂದೇ ಜಾಗದಲ್ಲಿ.”

“ಡಾಕ್ಟರು ಹೊಲಿಯುವಾಗ...” ಅತ್ತೆ ಶುರು ಮಾಡಿದಳು.

“ಅಮ್ಮಾ, ಯಂತ್ರ ಬೆರಳು ಕಿತ್ಕೊಳ್ಳುತ್ತೆ. ಹೊಸ ಮೂಳೆ ಬಹುಮಾನ ಕೊಟ್ಟು ಕಳಿಸಲ್ಲ.”

ಆಮೇಲೆ ಅವಳು ಬಿಡಿಸಿ ಹೇಳಿದಳು. ನಾನು ಶಾಲೆ ಕಂಡವನಲ್ಲ, ಆದರೂ ಕತ್ತರಿಯಮ್ಮ ನಮಗೆ ಬಂದು ಒಪ್ಪಿಸಿದಾಗ ನನಗೆ ಒಂದು ತೊಡಕೂ ಇಲ್ಲದೆ ಅರ್ಥವಾಯಿತು. ಮೈಯ ಒಂದೊಂದು ಕಣದಲ್ಲೂ ಮನುಷ್ಯನನ್ನು ಕಟ್ಟುವ ಬರಹ ಒಂದಿದೆ. ಅದರಲ್ಲಿ ಒಂದು ಸಾಲು ಯಾವ ಬೆರಳು ಎಲ್ಲಿ, ಹೇಗೆ ಬಿಡಿಸಿಕೊಳ್ಳಬೇಕು ಎಂದು ಹೇಳುತ್ತದೆ. ಆ ಸಾಲಿನಲ್ಲಿ ಒಂದು ತುಣುಕು ಮತ್ತೆ ಮತ್ತೆ ಬರಬೇಕು, ಇಷ್ಟೇ ಸಲ ಎಂದು ಲೆಕ್ಕ ಇದೆ. ಈ ಮನೆಯವರಲ್ಲಿ ಅದು ಲೆಕ್ಕಕ್ಕಿಂತ ಹೆಚ್ಚು ಸಲ ಬಂದಿದೆ, ತೊದಲುವವನ ಮಾತಿನ ಹಾಗೆ. ಸಾಲು ತೊದಲಿದರೆ ಬೆರಳೂ ತೊದಲುತ್ತದೆ. ಎಂದೋ ಒಬ್ಬರಲ್ಲಿ ಆ ತಪ್ಪು ತಾನಾಗಿ ಆಯಿತು, ಯಾರೂ ಮಾಡಿದ್ದಲ್ಲ. ಅಲ್ಲಿಂದ ಮಕ್ಕಳಿಗೆ ಇಳಿಯುತ್ತ ಬಂತು. ಒಂದೊಂದು ಮಗುವಿಗೂ ಬರಲೂಬಹುದು, ಬರದೆಯೂ ಇರಬಹುದು, ಅರ್ಧಕ್ಕರ್ಧ. ಬಂದವರೆಲ್ಲರಲ್ಲೂ ಒಂದೇ ಥರ ಕಾಣಿಸಿಕೊಳ್ಳುವುದೂ ಇಲ್ಲ. ಕೆಲವರಲ್ಲಿ ಕೈ, ಕೆಲವರಲ್ಲಿ ಬರೀ ಕಾಲಿನ ಕಿರುಬೆರಳು.

“ಅಜ್ಜನ ರಕ್ತದಲ್ಲಿದೆ, ಅಪ್ಪನ ರಕ್ತದಲ್ಲಿದೆ, ಮಗೂನ ರಕ್ತದಲ್ಲಿದೆ,” ಅಂದಳು ಡಾಕ್ಟರಮ್ಮ. “ತಾಯಿ ರಕ್ತದಲ್ಲಿ ಇಲ್ಲ.”

ಕತ್ತರಿಯಮ್ಮ ಎದ್ದು ನಿಂತಳು. “ಹಾಗಾದ್ರೆ ಕತ್ತರಿ? ಒಂದ್ಸಲ ಹೊಟ್ಟೆಗೆ ತಾಗಿತ್ತು ಮೇಡಂ.”

“ಯಾವಾಗ?”

“ಏಳನೇ ತಿಂಗಳಲ್ಲಿ.”

“ಎರಡು ತಿಂಗಳು ತುಂಬೋದ್ರೊಳಗೆ ಬೆರಳಿನ ಕೆಲಸ ಮುಗಿದುಹೋಗಿರುತ್ತಮ್ಮಾ. ಬಸುರಿ ಅಂತ ನಿಮಗೇ ಸರಿಯಾಗಿ ಗೊತ್ತಾಗೋ ಹೊತ್ತಿಗೆ ಅದೆಲ್ಲಾ ಆಗಿ ಹೋಗಿತ್ತು. ನಿಮ್ಮ ಕತ್ತರಿ ತೊಗಲು ಕತ್ತರಿಸಿದೆ, ಅಷ್ಟೇ.”

ಕತ್ತರಿಯಮ್ಮ ಹೊರಗೆ ಹೋಗಿ ಕಾರಿಡಾರಿನ ನಲ್ಲಿಯಲ್ಲಿ ಬಹಳ ಹೊತ್ತು ಮುಖ ತೊಳೆದಳು. ವಾಪಸು ಬಂದಾಗ ಡಾಕ್ಟರಮ್ಮ ಆಪರೇಷನ್ ಬಗ್ಗೆ ಹೇಳುತ್ತಿದ್ದಳು. ಬೆರಳು ಬಿಡಿಸಬಹುದು, ಪೂರ್ತಿ ನೆಟ್ಟಗಾಗದಿದ್ದರೂ ಹಿಡಿತ ಚೆನ್ನಾಗಿ ಬರುತ್ತದೆ, ಮಗು ಚಿಕ್ಕದಿರುವಾಗಲೇ ಮಾಡಿಸುವುದು ಒಳ್ಳೆಯದು ಎಂದು.

ಬಸ್ಸಿನಲ್ಲಿ ಮನೆಗೆ ಬರುವಾಗ ಅತ್ತೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳಂತೆ. ಪಾಪ, ನಾಚಿಕೆಯಾಗಿದೆ ಎಂದುಕೊಂಡಳಂತೆ ಕತ್ತರಿಯಮ್ಮ. ನಾಚಿಕೆಯಲ್ಲ, ಆ ಹೆಂಗಸು ಯೋಚನೆ ಮಾಡುತ್ತಿದ್ದಳು. ಮರುದಿನ ಬೆಳಗ್ಗೆ ಅಂಗಡಿಯ ಬಾಗಿಲು ತೆರೆದ ಕೂಡಲೇ ಮಗುವಿನ ಕೈಯ ಚೀಲಗಳನ್ನು ಕಿತ್ತು ಒಲೆಗೆ ಹಾಕಿ, ಮಗುವನ್ನು ಎತ್ತಿಕೊಂಡು ಗಲ್ಲಾಪೆಟ್ಟಿಗೆಯ ಪಕ್ಕ ಕೂತಳು.

“ನೋಡಿ, ನೋಡಿ! ನಮ್ಮ ಮುತ್ತಜ್ಜನ ಕೈ! ಹಂಗಂಗೇ ಇಳಿದು ಬಂದಿದೆ. ಆಸ್ಪತ್ರೆಯವರೇ ಹೇಳಿದ್ದು. ನಮ್ಮ ಗವಸು ಹುಟ್ಟಿದ್ದೇ ಈ ಕೈಗೆ.”

ಎರಕದ ಕೆಲಸದವನೊಬ್ಬ ಗವಸು ಕೊಳ್ಳಲು ಬಂದಿದ್ದ. “ಅದು ಕಬ್ಬಿಣ ಬಿದ್ದು ಆಗಿದ್ದು ಅಂತಿದ್ರಲ್ಲಮ್ಮಾ?”

“ಕಬ್ಬಿಣ ಬಿದ್ದಿದ್ದೂ ನಿಜ. ಮೊದ್ಲೇ ಹಂಗಿತ್ತು, ಆಮೇಲೆ ಕಬ್ಬಿಣ ಬಿತ್ತು.”

“ಪಾಪ, ಕಬ್ಬಿಣಕ್ಕೆ ಮಾಡೋಕೆ ಏನೂ ಉಳಿದಿರ್ಲಿಲ್ಲ ಅನ್ನಿ,” ಅಂದು ಅವನು ಗವಸು ತೆಗೆದುಕೊಂಡು ಹೋದ.

ನೆನ್ನೆಯವರೆಗೆ ಸೊಸೆಯ ಕತ್ತರಿ ಮಾಡಿದ ಅನಾಹುತವಾಗಿದ್ದ ಕೈ ಒಂದು ಹಗಲು ಕಳೆಯುವುದರೊಳಗೆ ವಂಶದ ಕಿರೀಟವಾಯಿತು. ಪೇಂಟರನ್ನು ಕರೆಸಿ, ಮಗುವಿನ ಕೈಯನ್ನು ಹಲಗೆಯ ಮೇಲೆ ಒತ್ತಿ ಹಿಡಿದು, ಸುತ್ತ ಗೆರೆ ಎಳೆಸಿ, ಅಂಗಡಿಗೆ ಹೊಸ ಬೋರ್ಡು ಬರೆಸಲು ಕೊಟ್ಟಳು. ಸೊಸೆಗೆ ತಪ್ಪಾಯಿತು ಎಂದು ಒಂದು ಮಾತು? ಆ ಮನೆಯ ಅಚ್ಚುಗಳಲ್ಲಿ ಅಂಥದ್ದೊಂದು ಅಚ್ಚು ಇರಲಿಲ್ಲ.

ಕತ್ತರಿಯಮ್ಮ ಆಪರೇಷನ್ ಮಾತು ತೆಗೆದಳು.

“ಏನು, ಮುತ್ತಜ್ಜನ ಕೈಗೆ ಕತ್ತರಿ ಹಾಕಿಸ್ತೀಯಾ?” ಅತ್ತೆ ಹೌಹಾರಿದಳು. “ಬಸುರೀಲಿ ಹಾಕಿದ್ದು ಸಾಲ್ದಾ?”

“ಅತ್ತೆ, ಡಾಕ್ಟರು ಹೇಳಿದ್ದು ಕೇಳಿಸ್ಕೊಂಡ್ರಿ ತಾನೆ?”

“ಕೇಳಿಸ್ಕೊಂಡೆ. ನಮ್ಮ ಮನೆ ಸೊತ್ತು ಅದು. ಬೋರ್ಡು ಬೇರೆ ಬರೀತಿದ್ದಾರೆ.”

“ಬೋರ್ಡಿನ ಕೈ ಹಾಗೇ ಇರ್ಲಿ. ನನ್ನ ಮಗಳಿಗೆ ಗುಂಡಿ ಹಾಕ್ಕೊಳ್ಳೋಕೆ ಕೈ ಬೇಕು.”

ಅವತ್ತೇ ಅವಳು ಮಗುವಿನ ಬಟ್ಟೆ, ತನ್ನ ಕತ್ತರಿ ಒಂದು ಗಂಟಿಗೆ ಕಟ್ಟಿದಳು. ಗಂಡನಿಗೆ, ನಾನು ಹೊರಟೆ, ನೀವೂ ಬನ್ನಿ ಅಂದಳು. ಅವನು ಹೂಂ ಅಂದ. ಹೋಗಬೇಡ ಕಣೋ ಅಂದಳು ತಾಯಿ. ಅದಕ್ಕೂ ಹೂಂ ಅಂದ. ಹೊಸಿಲ ಹತ್ತಿರ ನಿಂತು ಹೆಂಡತಿ ಇನ್ನೊಮ್ಮೆ ಕೇಳಿದಳು. ಕೊನೆಗೆ ಕೇಳಿದವಳು ಅವಳಾದ್ದರಿಂದ ಅವಳ ಜೊತೆ ಹೋದ. ಅವನ ಬದುಕಿನ ಒಂದೇ ಒಂದು ಗಟ್ಟಿ ತೀರ್ಮಾನ ಎಂದು ಇದನ್ನು ಬರೆದಿಡಬಹುದು.

ಸೈಕಲ್ ರಿಪೇರಿಯವನ ಅಂಗಡಿಯ ಮೇಲಿನ ಕೋಣೆ ಹಿಡಿದರು. ಕಡಿದಾದ ಕಬ್ಬಿಣದ ಏಣಿ, ಕೆಳಗಿಂದ ದಿನವಿಡೀ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು. ಹಳೆಯ ಬಾಗಿಲೊಂದನ್ನು ಎರಡು ಪೆಟ್ಟಿಗೆಗಳ ಮೇಲೆ ಮಲಗಿಸಿ ಕತ್ತರಿ ಮೇಜು ಮಾಡಿಕೊಂಡಳು. ಚಪ್ಪಲಿಯವರು, ಚೀಲದವರು ತೊಗಲು ತಂದು ಕೊಡತೊಡಗಿದರು. ಗಂಡ ಕೆಳಗೆ ಪಂಕ್ಚರ್ ಹಾಕಲು ಕಲಿತ. ಮಗು ಬರಿಗೈಯಲ್ಲಿ ತೊಗಲಿನ ಚೂರು ಹಿಡಿದು ನೆಲದ ಮೇಲೆ ಆಡುತ್ತಿತ್ತು. ಕತ್ತರಿಯಮ್ಮ ಮತ್ತೆ ಹೊಟ್ಟೆತುಂಬ ಉಣ್ಣುತ್ತಿದ್ದಳು. ಆಪರೇಷನ್ನಿಗೆ ದಿನ ಗೊತ್ತಾಯಿತು.

ಅದಕ್ಕೆ ಮುಂಚೆ ಒಂದು ಸಂಜೆ ಮಾವ ಏಣಿ ಹತ್ತಿ ಬಂದ. ನನ್ನ ಹೆಂಡತಿ ಮಗುವನ್ನು ನೋಡಲು ಹೋದವಳು ಅಲ್ಲೇ ಇದ್ದಳು, ಹಾಗಾಗಿ ಮಾತು ಮಾತಿಗೂ ಸಾಕ್ಷಿಯಿದೆ. ಅವನು ಬಾಗಿಲ ಮೇಜಿನ ಈಚೆ ನಿಂತು ಸ್ವಲ್ಪ ಹೊತ್ತು ಏದುಸಿರು ಬಿಟ್ಟ.

“ಕಿಟಕಿ ಪಕ್ಕದ ಒಂದು ಹೊಲಿಗೆ ಮೆಷಿನ್ನು ನಿಂಗೆ ಕಳಿಸ್ತೀನಿ ಕಣಮ್ಮಾ. ಆಪರೇಷನ್ ಖರ್ಚೂ ನಾನು ನೋಡ್ಕೋತೀನಿ. ನಿಮ್ಮತ್ತೆಗೆ ಹೇಳೋದು ಬೇಡ. ಮೆಷಿನ್ನು ರಿಪೇರಿಗೆ ಹೋಗಿದೆ ಅಂತೀನಿ.”

“ನೀವು ಆ ಯಂತ್ರದಿಂದ ಉಳಿಸಿದ್ರಲ್ಲ ಮಾವ, ಆ ಜೊತೆಗಾರ ಯಾರು?”

ಮಾವ ಮಗುವಿನ ಕಡೆ ನೋಡಿದ. “ಯಾರೂ ಇಲ್ಲಮ್ಮಾ. ಹಾಗೆ ಹೇಳು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದು. ಅವರಿಗೆ ಅವರಪ್ಪ ಹೇಳಿಕೊಟ್ಟಿರ್ಬೇಕು.”

“ಅಂದ್ರೆ ಇವಳು ಹುಟ್ಟಿದ ದಿನಾನೇ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

ಕತ್ತರಿಯಮ್ಮ ಕತ್ತರಿ ಕೆಳಗಿಟ್ಟಳು. ಮಗುವನ್ನು ಎತ್ತಿ ತಂದು ಅಜ್ಜನ ತೋಳಿಗೆ ಕೊಟ್ಟಳು.

“ಎತ್ಕೊಳ್ಳಿ ಮಾವ, ಎಷ್ಟು ಹೊತ್ತು ಬೇಕಾದ್ರೂ ಆಡಿಸಿ, ದಿನಾ ಬನ್ನಿ. ಮೆಷಿನ್ನು ಮಾತ್ರ ಬೇಡ. ಖರ್ಚೂ ಬೇಡ. ಅವತ್ತು ಬಾಗಿಲಲ್ಲಿ ನಿಂತು ‘ಇದು ನಮ್ಮ ಕಡೇದು’ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ನಾನು ನಿಮ್ಮ ಮನೇಲಿ ಸಾಯೋ ತನಕ ಅಸ್ತರು ಮಡಚ್ಕೊಂಡು ಇರ್ತಿದ್ದೆ. ಈಗ ನೀವು ಕದ್ದು ಕೊಟ್ಟಿದ್ದನ್ನ ನಾನು ಇಸ್ಕೊಂಡ್ರೆ, ಎಲ್ಲಿಂದ ಬಂತಮ್ಮಾ ಇದು ಅಂತ ಇವಳು ನಾಳೆ ಕೇಳ್ತಾಳೆ. ಆಗ ನಾನೂ ಒಂದು ಬೆಂಕಿ ಕತೆ ಕಟ್ಟಬೇಕಾಗುತ್ತೆ. ಬೇಡ ಮಾವ, ಅದು ಅಲ್ಲೇ ಇರ್ಲಿ. ನಂಗೆ ಬೇಡ.”